ವಿದೇಶದ ಮಕ್ಕಳ ಧರ್ಮಾಸ್ಪತ್ರೆಯಲ್ಲಿ ಒಂದು ವರ್ಷದ ಸ್ವಯಂಸೇವೆ: ಟಿಕೆಟ್ ಕೊನೆಗೆ, ಉಳಿದದ್ದೆಲ್ಲ ಮೊದಲು

ನನಗೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಥರ ಶುರುವಾಗುತ್ತವೆ. "ಕೆಲಸ ಬಿಟ್ಟಿದ್ದೇನೆ, ಟಿಕೆಟ್ ಆಗಿದೆ, ಮುಂದಿನ ತಿಂಗಳು ಹೊರಡುತ್ತೇನೆ. ಈಗ ಆಸ್ಪತ್ರೆಯವರು ಏನೇನೋ ಕಾಗದ ಕೇಳ್ತಾ ಇದ್ದಾರೆ, ಏನು ಮಾಡಲಿ?" ಇನ್ನು ಕೆಲವರು ಹೋಗಿ, ಮೂರನೇ ತಿಂಗಳಿಗೆ ವಾಪಸ್ ಬಂದು ಬರೆಯುತ್ತಾರೆ. "ಅಲ್ಲಿ ನನಗೆ ಕೆಲಸವೇ ಇರಲಿಲ್ಲ" ಅನ್ನುವುದು ಅವರ ದೂರು.

ಎರಡಕ್ಕೂ ಕಾರಣ ಒಂದೇ. ಮನಸ್ಸು ಒಳ್ಳೆಯದೇ ಇತ್ತು, ಕ್ರಮ ತಲೆಕೆಳಗಾಗಿತ್ತು. ಹಾಗಾಗಿ ಈ ಬರಹದಲ್ಲಿ ಸೇವೆಯ ಮಹಿಮೆ ಇಲ್ಲ. ಯಾವುದರ ನಂತರ ಯಾವುದು, ಎಲ್ಲಿ ಕಾಲು ಜಾರುತ್ತದೆ, ಅಷ್ಟೇ. ನಾನು ಫಾರ್ಮಸಿಸ್ಟ್. ಒಂದು ಮಕ್ಕಳ ಆಸ್ಪತ್ರೆಯ ಔಷಧ ಸ್ಟೋರಿನಲ್ಲಿ ಒಂದು ವರ್ಷ ಇದ್ದೆ. ಇಲ್ಲಿ ಹೇಳಿರುವ ತಪ್ಪುಗಳಲ್ಲಿ ಕೆಲವು ನನ್ನವೇ.

ಹೊರಡುವ ದಿನಕ್ಕಿಂತ 10ರಿಂದ 12 ತಿಂಗಳು ಮೊದಲೇ ಶುರು ಮಾಡಿ. ಇದು ಜಾಸ್ತಿ ಆಯಿತು ಅನ್ನಿಸಬಹುದು. ಆದರೆ ಹೆಪಟೈಟಿಸ್ ಬಿ ಲಸಿಕೆಯೊಂದೇ ಆರು ತಿಂಗಳು ತೆಗೆದುಕೊಳ್ಳುತ್ತದೆ.

ಹಂತ 1: ನಿಮ್ಮ ಕೆಲಸ ಯಾವುದು ಅಂತ ಒಂದು ವಾಕ್ಯದಲ್ಲಿ ಬರೆಯಿರಿ

"ಏನು ಕೊಟ್ಟರೂ ಮಾಡ್ತೀನಿ" ಅನ್ನುವ ಅರ್ಜಿಯನ್ನು ಆಸ್ಪತ್ರೆಗಳು ಪಕ್ಕಕ್ಕಿಡುತ್ತವೆ. ಇದರಲ್ಲಿ ಅಹಂಕಾರ ಏನೂ ಇಲ್ಲ. ಏನು ಕೊಟ್ಟರೂ ಮಾಡುವವರಿಗೆ ಏನು ಕೊಡಬೇಕು ಅಂತ ಯೋಚಿಸಲು ಅಲ್ಲಿ ಯಾರಿಗೂ ಪುರುಸೊತ್ತಿಲ್ಲ.

ನೀವು ಡಾಕ್ಟರ್, ನರ್ಸ್, ಫಿಸಿಯೋಥೆರಪಿಸ್ಟ್, ಲ್ಯಾಬ್ ಟೆಕ್ನಿಷಿಯನ್ ಆಗಿದ್ದರೆ ಯಾವ ವಾರ್ಡು, ಎಷ್ಟು ವರ್ಷದ ಅನುಭವ, ಇನ್ನೊಬ್ಬರಿಗೆ ಏನು ಕಲಿಸಬಲ್ಲಿರಿ ಅಂತ ಬರೆಯಿರಿ. "ಕಲಿಸಬಲ್ಲಿರಿ" ಅನ್ನುವ ಭಾಗ ಮುಖ್ಯ. ಇಂಥ ಆಸ್ಪತ್ರೆಗಳಲ್ಲಿ ಬಹಳಷ್ಟನ್ನು ಇಂದು ಅಲ್ಲಿನ ಜನರೇ ನಡೆಸುತ್ತಾರೆ. ಕಾಂಬೋಡಿಯಾದ ಸಿಯಾಮ್ ರೀಪ್‌ನಲ್ಲಿ 1999ರಲ್ಲಿ ಬಾಗಿಲು ತೆರೆದ ಅಂಕೋರ್ ಮಕ್ಕಳ ಆಸ್ಪತ್ರೆಯನ್ನೇ ನೋಡಿ. ಹೊರಗಿನವರು ಕಟ್ಟಿದ್ದು, ಈಗ ವಾರ್ಡುಗಳಲ್ಲಿ ಓಡಾಡುವವರು ಅಲ್ಲಿನ ಡಾಕ್ಟರು, ನರ್ಸುಗಳೇ. ಇಂಥ ಕಡೆ ಇನ್ನೊಂದು ಜೊತೆ ಕೈಗಿಂತ ಒಬ್ಬ ಒಳ್ಳೆಯ ಮೇಷ್ಟ್ರಿಗೆ ಬೆಲೆ ಹೆಚ್ಚು.

ವೈದ್ಯಕೀಯ ಓದು ಇಲ್ಲದವರು ಕೈಚೆಲ್ಲಬೇಕಿಲ್ಲ. ಬಯೋಮೆಡಿಕಲ್ ಎಂಜಿನಿಯರಿಗೆ ಎಲ್ಲ ಕಡೆ ಬೇಡಿಕೆ ಇದೆ. ದಾನವಾಗಿ ಬಂದ ಯಂತ್ರಗಳು ಒಂದು ಸಣ್ಣ ಬಿಡಿಭಾಗ ಇಲ್ಲದೆ ಮೂಲೆಯಲ್ಲಿ ಧೂಳು ಹಿಡಿದಿರುತ್ತವೆ. ಆಮ್ಲಜನಕ ಕೊಡುವ ಕಾನ್ಸೆಂಟ್ರೇಟರಿನ ಫಿಲ್ಟರ್ ತೊಳೆಯುವ ಅಭ್ಯಾಸ ಮಾಡಿಸಿದರೂ ಅದು ದೊಡ್ಡ ಕೆಲಸವೇ. ಲೆಕ್ಕಪತ್ರ, ಸ್ಟೋರು, ಕಂಪ್ಯೂಟರ್, ದಾನಿಗಳಿಗೆ ವರದಿ ಬರೆಯುವುದು, ಇವೆಲ್ಲಕ್ಕೂ ಜನ ಬೇಕು. "ಮಕ್ಕಳ ಜೊತೆ ಆಟ ಆಡ್ತೀನಿ" ಅನ್ನುವುದು ಮಾತ್ರ ಒಂದು ವರ್ಷದ ಕೆಲಸವಲ್ಲ. ಮಕ್ಕಳ ವಾರ್ಡಿನಲ್ಲಿ ಆಟ ಆಡಿಸುವುದಕ್ಕೂ ತರಬೇತಿ ಇದೆ, ಅದನ್ನು ಪಡೆದವರೂ ಇದ್ದಾರೆ.

ಎಚ್ಚರಿಕೆಯ ಗುರುತು: ವಾಕ್ಯದಲ್ಲಿ "ಅನುಭವ ಪಡೆಯಲು" ಅಂತ ಬಂತೇ? ಹಾಗಾದರೆ ನೀವು ಹುಡುಕುತ್ತಿರುವುದು ತರಬೇತಿ. ತಪ್ಪೇನಿಲ್ಲ, ಅದಕ್ಕೆ ದಾರಿ ಬೇರೆ.

ಹಂತ 2: ಆಸ್ಪತ್ರೆ ಹುಡುಕಿ, ಆಮೇಲೆ ಅದನ್ನೇ ಪರೀಕ್ಷೆ ಮಾಡಿ

ದಾರಿಗಳು ಮೂರು. ಮೊದಲನೆಯದು, ನೇರವಾಗಿ ಆಸ್ಪತ್ರೆಗೇ ಬರೆಯುವುದು. ಎರಡನೆಯದು, ಜನರನ್ನು ಆರಿಸಿ ಕಳಿಸುವ ಸಂಸ್ಥೆಗಳ ಮೂಲಕ ಹೋಗುವುದು. 1958ರಲ್ಲಿ ಶುರುವಾದ ವಿಎಸ್‌ಒ (ವಾಲಂಟರಿ ಸರ್ವಿಸ್ ಓವರ್‌ಸೀಸ್) ಇದೆ, ವಿಶ್ವಸಂಸ್ಥೆಯದೇ ಸ್ವಯಂಸೇವಕರ ಕಾರ್ಯಕ್ರಮ ಇದೆ. ಇಲ್ಲಿ ಆಯ್ಕೆ ಕಠಿಣ, ಜೀವನ ನಡೆಸಲು ಭತ್ಯೆ ಸಿಗುತ್ತದೆ, ಆದರೆ ಊರು ಮತ್ತು ಹುದ್ದೆ ನೀವು ಕೇಳಿದ್ದೇ ಸಿಗಬೇಕೆಂದಿಲ್ಲ. ಮೂರನೆಯದು, ಆಸ್ಪತ್ರೆಗಳ ಜಾಲ ಇರುವ ದತ್ತಿ ಸಂಸ್ಥೆಗಳು. ಕ್ಯೂರ್ ಇಂಟರ್‌ನ್ಯಾಷನಲ್ ಆಫ್ರಿಕಾದ ಹಲವು ದೇಶಗಳಲ್ಲಿ ಮತ್ತು ಫಿಲಿಪ್ಪೀನ್ಸ್‌ನಲ್ಲಿ ಮಕ್ಕಳ ಶಸ್ತ್ರಚಿಕಿತ್ಸೆಯ ಆಸ್ಪತ್ರೆ ನಡೆಸುತ್ತದೆ. ಮರ್ಸಿ ಶಿಪ್ಸ್‌ನ ಆಸ್ಪತ್ರೆ ಹಡಗುಗಳು ಆಫ್ರಿಕಾದ ಬಂದರುಗಳಲ್ಲಿ ತಿಂಗಳುಗಟ್ಟಲೆ ನಿಲ್ಲುತ್ತವೆ. ಅಲ್ಲಿ ದೊಡ್ಡವರಿಗೂ ಚಿಕಿತ್ಸೆ ಇದೆ. ಕೆಲಸಕ್ಕೆ ಹೋಗುವವರು ಊಟ, ವಸತಿಯ ಖರ್ಚು ತಾವೇ ಕೊಡಬೇಕು.

ಒಂದೊಂದು ಆಸ್ಪತ್ರೆಯ ಕಸುಬು ಒಂದೊಂದು. ಕ್ಯೂರ್‌ನ ಕೀನ್ಯಾದ ಕಿಜಾಬೆ ಆಸ್ಪತ್ರೆ ಮೂಳೆಯ ಕೆಲಸಕ್ಕೆ ಹೆಸರಾದದ್ದು, ಉಗಾಂಡಾದ ಎಂಬಾಲೆಯದ್ದು ಮಿದುಳು ಮತ್ತು ಬೆನ್ನುಹುರಿಯದ್ದು. ಎಲ್ಲ ಆಸ್ಪತ್ರೆಗೂ ಒಂದೇ ಅರ್ಜಿ ನಕಲು ಮಾಡಿ ಕಳಿಸುವವರು ಇಲ್ಲೇ ಸೋಲುತ್ತಾರೆ.

ಈಗ ಪರೀಕ್ಷೆ. ಈ ಪ್ರಶ್ನೆಗಳನ್ನು ಬರವಣಿಗೆಯಲ್ಲೇ ಕೇಳಿ:

ನನ್ನ ಮೇಲ್ವಿಚಾರಕರು ಯಾರು? ಈ ಕೆಲಸವನ್ನು ಈಗ ಯಾರು ಮಾಡುತ್ತಿದ್ದಾರೆ? ನಾನು ಹೋದ ಮೇಲೆ ಯಾರು ಮಾಡುತ್ತಾರೆ? ಮಕ್ಕಳ ರಕ್ಷಣೆಗೆ ನಿಮ್ಮ ಲಿಖಿತ ನಿಯಮ ಕಳಿಸುತ್ತೀರಾ? ಹಿಂದೆ ಒಂದು ವರ್ಷ ಇದ್ದು ಹೋದ ಇಬ್ಬರ ಜೊತೆ ಮಾತಾಡಿಸುತ್ತೀರಾ?

ಒಳ್ಳೆಯ ಆಸ್ಪತ್ರೆ ಇದಕ್ಕೆ ಖುಷಿಯಿಂದ ಉತ್ತರಿಸುತ್ತದೆ, ತಿರುಗಿ ನಿಮ್ಮನ್ನೇ ಹತ್ತು ಪ್ರಶ್ನೆ ಕೇಳುತ್ತದೆ. ಹೆದರಬೇಕಾದದ್ದು ಪ್ರಶ್ನೆಯನ್ನೇ ಕೇಳದ ಜಾಗಕ್ಕೆ. ಪೊಲೀಸ್ ಕ್ಲಿಯರೆನ್ಸ್ ಬೇಡ, ಸರ್ಟಿಫಿಕೇಟ್ ಆಮೇಲೆ ನೋಡೋಣ, ಮೊದಲು ದುಡ್ಡು ಕಳಿಸಿ ಅಂದರೆ ಅಲ್ಲಿಗೇ ನಿಲ್ಲಿಸಿ. ನಿಮ್ಮನ್ನು ವಿಚಾರಿಸದೆ ಮಕ್ಕಳ ವಾರ್ಡಿಗೆ ಬಿಡುವವರು ಬೇರೆ ಯಾರನ್ನಾದರೂ ಹಾಗೆಯೇ ಬಿಡುತ್ತಾರೆ, ಅಲ್ವಾ?

ಇನ್ನೂ ಒಂದು ಗುರುತು. "ನಿಮ್ಮ ದೇಶದಲ್ಲಿ ಮಾಡಲು ಬಿಡದ ಕೆಲಸ ಇಲ್ಲಿ ಮಾಡಬಹುದು" ಅಂತ ಆಸೆ ತೋರಿಸುವ ಮಧ್ಯವರ್ತಿಗಳಿದ್ದಾರೆ. ವಿದ್ಯಾರ್ಥಿಗಳಿಗೆ ಹೊಲಿಗೆ ಹಾಕಲು, ಹೆರಿಗೆ ಮಾಡಿಸಲು ಅವಕಾಶ ಅನ್ನುತ್ತಾರೆ. ನಿಮ್ಮ ಊರಿನಲ್ಲಿ ನಿಮಗೆ ಪರವಾನಗಿ ಇಲ್ಲದ ಕೆಲಸವನ್ನು ಅಲ್ಲಿನ ಮಗುವಿನ ಮೇಲೂ ಮಾಡಬಾರದು. ಇದರಲ್ಲಿ ರಾಜಿ ಇಲ್ಲ.

ಹಂತ 3: ಒಪ್ಪಂದ ಕಾಗದದ ಮೇಲೆ ಬರಲಿ

ಇಂಟರ್‌ವ್ಯೂ ವಿಡಿಯೊದಲ್ಲಿ ನಡೆಯುತ್ತದೆ. ನಿಮ್ಮ ಸೋಲಿನ ಒಂದು ಉದಾಹರಣೆ ಕೇಳುವುದು ಮಾಮೂಲು. "ನಾನು ತುಂಬಾ ಜಾಸ್ತಿ ಕೆಲಸ ಮಾಡ್ತೀನಿ, ಅದೇ ನನ್ನ ತೊಂದರೆ" ಥರದ ಉತ್ತರ ಬೇಡ. ನಿಜವಾದ ತಪ್ಪೊಂದನ್ನು ಹೇಳಿ, ಅದನ್ನು ಯಾರಿಗೆ ಯಾವಾಗ ತಿಳಿಸಿದಿರಿ ಅಂತ ಹೇಳಿ. ಅವರಿಗೆ ಬೇಕಿರುವುದು ತಪ್ಪು ಮುಚ್ಚಿಡದ ಮನುಷ್ಯ.

ಆಯ್ಕೆಯಾದ ಮೇಲೆ ಒಂದು ಪುಟವಾದರೂ ಸರಿ, ಒಪ್ಪಂದ ಬರೆಸಿಕೊಳ್ಳಿ. ಹುದ್ದೆ, ವಾರಕ್ಕೆ ಎಷ್ಟು ಗಂಟೆ, ರಜೆ, ವಸತಿ ಯಾರದು, ವೀಸಾ ಖರ್ಚು ಯಾರದು, ಕಾಯಿಲೆ ಬಿದ್ದರೆ ಏನು, ಮಧ್ಯದಲ್ಲೇ ಬಿಡಬೇಕಾದರೆ ಎಷ್ಟು ದಿನ ಮೊದಲು ಹೇಳಬೇಕು, ಇಷ್ಟೂ ಇರಲಿ. ಮೂರನೇ ತಿಂಗಳಿಗೆ ಇಬ್ಬರೂ ಕೂತು "ಮುಂದುವರಿಸೋಣವೇ" ಅಂತ ನೋಡುವ ಒಂದು ಸಾಲು ಸೇರಿಸಿ. ನನ್ನ ಅನುಭವದಲ್ಲಿ ಬಹಳ ಜಗಳ ತಪ್ಪಿಸಿದ ಸಾಲು ಅದು.

ಹಂತ 4: ಕಾಗದಪತ್ರ, ಇದೇ ಕ್ರಮದಲ್ಲಿ

ಮೊದಲು ಪಾಸ್‌ಪೋರ್ಟ್ ತೆಗೆದು ನೋಡಿ. ಹೊಕ್ಕ ದಿನದಿಂದ ಇನ್ನೂ ಆರು ತಿಂಗಳ ಅವಧಿ ಇರಬೇಕು ಅಂತ ಕೇಳುವ ದೇಶಗಳು ಬೇಕಾದಷ್ಟಿವೆ. ನೀವು ವರ್ಷ ಇರುವವರು. ವಾಪಸ್ ಬಂದ ಮೇಲೂ ಆರು ತಿಂಗಳು ಉಳಿಯುವಂತೆ ನೋಡಿಕೊಳ್ಳಿ. ಕಮ್ಮಿ ಇದ್ದರೆ ಈಗಲೇ ಹೊಸದು ಮಾಡಿಸಿ. ಬೇರೆ ಎಲ್ಲ ಕಾಗದದಲ್ಲೂ ಪಾಸ್‌ಪೋರ್ಟ್ ನಂಬರ್ ಇರುತ್ತದೆ. ನಡುವೆ ನಂಬರ್ ಬದಲಾದರೆ ಎಲ್ಲವನ್ನೂ ಮತ್ತೆ ಮಾಡಿಸಬೇಕಾದೀತು.

ಎರಡನೆಯದು ಪದವಿ ಮತ್ತು ನೋಂದಣಿ. ನಿಮ್ಮ ವೃತ್ತಿಯ ಕೌನ್ಸಿಲ್‌ನಿಂದ "ಇವರ ನೋಂದಣಿ ಚಾಲ್ತಿಯಲ್ಲಿದೆ, ಶಿಸ್ತುಕ್ರಮ ಇಲ್ಲ" ಅನ್ನುವ ಪತ್ರ ಬೇಕು. ಪದವಿ ಪತ್ರಕ್ಕೆ ಅಪಾಸ್ಟಿಲ್ ಮುದ್ರೆ, ಅಂದರೆ ಕಾಗದ ಅಸಲಿ ಅಂತ ಬೇರೆ ದೇಶಕ್ಕೆ ತೋರಿಸುವ ಸರ್ಕಾರಿ ಮುದ್ರೆ, ಬೇಕಾಗಬಹುದು. ಇದು 1961ರ ಹೇಗ್ ಒಪ್ಪಂದದ ವ್ಯವಸ್ಥೆ. ಆ ಒಪ್ಪಂದಕ್ಕೆ ಸೇರದ ದೇಶವಾದರೆ ರಾಯಭಾರ ಕಚೇರಿಯ ದೃಢೀಕರಣ ಬೇಕು, ಅದು ಇನ್ನೂ ನಿಧಾನ. ಇದೆಲ್ಲ ಕೈಗೆ ಬಂದ ಮೇಲೆ ಆ ದೇಶದಲ್ಲಿ ತಾತ್ಕಾಲಿಕ ನೋಂದಣಿಗೆ ಅರ್ಜಿ. ತಿಂಗಳುಗಟ್ಟಲೆ ಹಿಡಿಯುವುದು ಇಲ್ಲೇ. ನೋಂದಣಿ ಆಗದೆ ರೋಗಿಯನ್ನು ಮುಟ್ಟುವಂತಿಲ್ಲ.

ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟನ್ನು ಮಾತ್ರ ಬೇಗ ಮಾಡಿಸಬೇಡಿ. ಅದು ಹಳೆಯದಾದರೆ ಒಪ್ಪುವುದಿಲ್ಲ. ಎಷ್ಟು ತಿಂಗಳೊಳಗಿನದು ಬೇಕು ಅಂತ ಕೇಳಿ, ಆ ಲೆಕ್ಕಕ್ಕೆ ಮಾಡಿಸಿ. ಹಿಂದೆ ಬೇರೆ ದೇಶದಲ್ಲಿ ವಾಸ ಮಾಡಿದ್ದರೆ ಅಲ್ಲಿಂದಲೂ ಬೇಕಾಗುತ್ತದೆ.

ಕೊನೆಗೆ ವೀಸಾ. ಅತಿ ಸಾಮಾನ್ಯ ತಪ್ಪು ಇಲ್ಲೇ ಆಗುತ್ತದೆ. "ಸಂಬಳ ಇಲ್ಲವಲ್ಲ, ಟೂರಿಸ್ಟ್ ವೀಸಾ ಸಾಕು" ಅಂತ ಹೊರಡುತ್ತಾರೆ. ಸಂಬಳ ಇಲ್ಲದಿದ್ದರೂ ಬಹಳ ದೇಶಗಳ ಕಾನೂನಿನಲ್ಲಿ ಅದು ಕೆಲಸವೇ. ಬ್ರಿಟನ್ನಿನಲ್ಲಿ ಇದಕ್ಕೆಂದೇ ಚಾರಿಟಿ ವರ್ಕರ್ ವೀಸಾ ಇದೆ, ಗರಿಷ್ಠ 12 ತಿಂಗಳು. ಆಹ್ವಾನಿಸುವ ಸಂಸ್ಥೆಯೇ ಪ್ರಾಯೋಜಕ ಆಗಬೇಕು. ಬೇರೆ ದೇಶಗಳಲ್ಲಿ ಹೆಸರು ಬೇರೆ, ತತ್ವ ಅದೇ. ಪ್ರತಿ ತಿಂಗಳು ಗಡಿ ದಾಟಿ ಮತ್ತೆ ಒಳಗೆ ಬಂದು ಕಾಲ ತಳ್ಳುವ ಉಪಾಯವನ್ನು ಯಾರಾದರೂ ಹೇಳಿಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ. ಸಿಕ್ಕಿಬಿದ್ದರೆ ಆಸ್ಪತ್ರೆಯ ಹೆಸರೂ ಕೆಡುತ್ತದೆ.

ಹಂತ 5: ಲಸಿಕೆಗೆ ಒಂದು ಕ್ಯಾಲೆಂಡರ್ ಮಾಡಿ

ಟ್ರಾವೆಲ್ ಕ್ಲಿನಿಕ್ಕಿಗೆ ಅಥವಾ ನಿಮ್ಮ ಡಾಕ್ಟರ ಹತ್ತಿರ ಎಂಟು ತಿಂಗಳು ಮೊದಲು ಹೋಗಿ. ಕೊನೆಯ ವಾರ ಹೋದರೆ ಎರಡೂ ತೋಳಿಗೆ ಚುಚ್ಚಿಸಿಕೊಂಡರೂ ಮುಗಿಯುವುದಿಲ್ಲ. ಕಾರಣ ಅಂತರಗಳು.

ಹೆಪಟೈಟಿಸ್ ಬಿ ಮೂರು ಡೋಸು: ಮೊದಲ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ. ಅಲ್ಲಿಗೆ ಮುಗಿಯಲಿಲ್ಲ. ಕೊನೆಯ ಡೋಸಿನ ಒಂದು ಎರಡು ತಿಂಗಳ ಮೇಲೆ ರಕ್ತದಲ್ಲಿ ಪ್ರತಿಕಾಯ ನೋಡಿಸಬೇಕು. 10 ಯೂನಿಟ್ಟಿಗಿಂತ ಕಮ್ಮಿ ಬಂದರೆ ಲಸಿಕೆ ಹಿಡಿದಿಲ್ಲ ಅಂತ ಅರ್ಥ. ಸೂಜಿ ಮುಟ್ಟುವ ಕೆಲಸದವರು ಈ ಪರೀಕ್ಷೆ ಬಿಡಲೇಬಾರದು.

ದಡಾರದ ಎಂಎಂಆರ್ ಎರಡು ಡೋಸು, ನಡುವೆ ಕನಿಷ್ಠ ನಾಲ್ಕು ವಾರ. ಸೀತಾಳೆ ಸಿಡುಬು ಚಿಕ್ಕಂದಿನಲ್ಲಿ ಬಂದಿರದಿದ್ದರೆ ಅದಕ್ಕೂ ಎರಡು. ಇದು ನಿಮ್ಮ ರಕ್ಷಣೆಗೆ ಅಂತ ಮಾತ್ರ ಅಂದುಕೊಳ್ಳಬೇಡಿ. ಅಪೌಷ್ಟಿಕತೆಯಿಂದ ಬಸವಳಿದ ಮಕ್ಕಳ ವಾರ್ಡಿಗೆ ನೀವು ದಡಾರ ಹೊತ್ತುಕೊಂಡು ಹೋಗಬಾರದು.

ಎಂಎಂಆರ್, ಸೀತಾಳೆ ಸಿಡುಬು, ಹಳದಿ ಜ್ವರ, ಇವು ಜೀವಂತ ಲಸಿಕೆಗಳು, ಅಂದರೆ ಬಲ ಕುಗ್ಗಿಸಿದ ಜೀವಂತ ವೈರಸ್ ಇರುವವು. ಇಂಥವನ್ನು ಒಂದೇ ದಿನ ಹಾಕಿಸಬೇಕು, ಇಲ್ಲವೇ ನಡುವೆ ಸಾಮಾನ್ಯವಾಗಿ 28 ದಿನ ಬಿಡಬೇಕು. ಹೊರಡುವ ಮುಂಚೆ ಮಾಡಿಸಬೇಕಾದ ಕ್ಷಯದ ಚರ್ಮ ಪರೀಕ್ಷೆಗೂ ಇದರ ಗಂಟು ಇದೆ: ಎಂಎಂಆರ್ ಹಾಕಿದ ದಿನವೇ ಮಾಡಿಸಿ, ಇಲ್ಲದಿದ್ದರೆ ನಾಲ್ಕು ವಾರ ಬಿಟ್ಟು ಮಾಡಿಸಿ. ನಡುವೆ ಮಾಡಿಸಿದರೆ ಫಲಿತಾಂಶ ಸುಳ್ಳು ಹೇಳಬಹುದು. ಚುಚ್ಚಿದ ಜಾಗವನ್ನು 48ರಿಂದ 72 ಗಂಟೆಯೊಳಗೆ ಕ್ಲಿನಿಕ್ಕಿನಲ್ಲಿ ತೋರಿಸಿ ಫಲಿತಾಂಶ ಓದಿಸಬೇಕು. ಶುಕ್ರವಾರ ಚುಚ್ಚಿಸಿಕೊಂಡು ಭಾನುವಾರ ಕ್ಲಿನಿಕ್ ಮುಚ್ಚಿದೆ ಅಂತ ಪೇಚಾಡಿದವರಲ್ಲಿ ನಾನೂ ಒಬ್ಬ.

ಹಳದಿ ಜ್ವರದ ಸರ್ಟಿಫಿಕೇಟ್ ಚುಚ್ಚಿದ ಹತ್ತನೇ ದಿನದಿಂದ ಚಾಲ್ತಿಗೆ ಬರುತ್ತದೆ. 2016ರಿಂದ ಅದಕ್ಕೆ ಜೀವನಪೂರ್ತಿ ಮಾನ್ಯತೆ ಇದೆ. ರೇಬೀಸ್‌ಗೆ ಮುಂಚಿತವಾಗಿ ಎರಡು ಡೋಸು, ಮೊದಲ ದಿನ ಮತ್ತು ಏಳನೇ ದಿನ, ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಿಂದ ಹೇಳುತ್ತಿದೆ. ಮಲೇರಿಯಾ ಇರುವ ಕಡೆ ಹೋಗುವವರು ಮಾತ್ರೆಯ ಬಗ್ಗೆ ಡಾಕ್ಟರನ್ನು ಕೇಳಿ. ಡಾಕ್ಸಿಸೈಕ್ಲಿನ್ ಕೊಟ್ಟರೆ ಅದನ್ನು ವಾಪಸ್ ಬಂದ ಮೇಲೂ ನಾಲ್ಕು ವಾರ ನುಂಗಬೇಕು. ವಿಮಾನ ಇಳಿದ ತಕ್ಷಣ ನಿಲ್ಲಿಸುವುದು ತಪ್ಪು.

ಹಂತ 6: ದುಡ್ಡು ಮತ್ತು ವಿಮೆ

ಲೆಕ್ಕ ಸುಲಭ. ಹೋಗಿಬರುವ ಖರ್ಚು, 12 ತಿಂಗಳ ಜೀವನ, ವೀಸಾ, ಲಸಿಕೆ, ವಿಮೆ. ಇದರ ಮೇಲೆ ಎರಡು ಮೊತ್ತ ಪ್ರತ್ಯೇಕ ಇಡಿ. ಒಂದು, ಯಾವ ದಿನ ಬೇಕಾದರೂ ಮನೆಗೆ ಹೊರಡಲು ಆಗುವಷ್ಟು. ಇನ್ನೊಂದು, ಬಂದ ಮೇಲೆ ಹೊಸ ಕೆಲಸ ಸಿಗುವವರೆಗೆ ಮೂರು ತಿಂಗಳು ನಡೆಯುವಷ್ಟು. ಎರಡನೆಯದನ್ನು ಯಾರೂ ಇಡುವುದಿಲ್ಲ.

ಸಾದಾ ಪ್ರವಾಸ ವಿಮೆ ಇಲ್ಲಿ ನಡೆಯುವುದಿಲ್ಲ. ಪಾಲಿಸಿಯಲ್ಲಿ ಮೂರು ಸಾಲು ಹುಡುಕಿ: ಆಸ್ಪತ್ರೆಯಲ್ಲಿ ಸ್ವಯಂಸೇವೆ ಮಾಡುವಾಗಲೂ ಅನ್ವಯಿಸುತ್ತದೆಯೇ, ಒಂದೇ ಪ್ರವಾಸದಲ್ಲಿ ಪೂರ್ತಿ 365 ದಿನ ಒಳಗೊಂಡಿದೆಯೇ, ಕಾಯಿಲೆಯಾದವರನ್ನು ವಿಮಾನದಲ್ಲಿ ಬೇರೆ ದೇಶಕ್ಕೆ ಸಾಗಿಸುವ ಖರ್ಚು ಸೇರಿದೆಯೇ. ರೋಗಿಗಳನ್ನು ನೋಡುವವರಿಗೆ ವೃತ್ತಿ ಹೊಣೆಯ ವಿಮೆ, ಅಂದರೆ ಚಿಕಿತ್ಸೆಯಲ್ಲಿ ತಪ್ಪಾಯಿತು ಅಂತ ದಾವೆ ಬಂದರೆ ನೆರವಾಗುವ ವಿಮೆ, ಬೇರೆ ಬೇಕು. ಅದನ್ನು ಆಸ್ಪತ್ರೆ ಕೊಡುತ್ತದೆಯೋ ನೀವು ಕೊಳ್ಳಬೇಕೋ ಅಂತ ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ಹಂತ 7: ಈಗ ಟಿಕೆಟ್

ವೀಸಾ ಕೈಗೆ ಬಂದ ಮೇಲೆ, ದಿನಾಂಕ ಬದಲಿಸಬಹುದಾದ ಟಿಕೆಟ್ ತೆಗೆಯಿರಿ. ವೀಸಾ ಅರ್ಜಿಗೇ ಟಿಕೆಟ್ ಬೇಕು ಅಂದರೆ ರದ್ದು ಮಾಡಿ ದುಡ್ಡು ವಾಪಸ್ ಪಡೆಯಬಹುದಾದದ್ದು. ಅಷ್ಟೇ.

ಬ್ಯಾಗಿಗೆ ಹಾಕಬೇಕಾದದ್ದು ಕಮ್ಮಿ: ಸೆಕೆಂಡ್ ಮುಳ್ಳಿರುವ ಗಡಿಯಾರ, ಮಕ್ಕಳ ಸ್ಟೆತೊಸ್ಕೋಪ್, ಪೆನ್ ಟಾರ್ಚ್, ತೊಳೆಯಬಹುದಾದ ಮುಚ್ಚಿದ ಶೂ, ಜೇಬಿಗೆ ಹಿಡಿಸುವ ನೋಟ್‌ಬುಕ್, ಎಲ್ಲ ಕಾಗದಗಳ ಎರಡು ನಕಲು. ಔಷಧ, ಹಳೆಯ ಯಂತ್ರ, ಆಟಿಕೆ ತುಂಬಿಕೊಂಡು ಹೋಗಬೇಡಿ. ಕೇಳದೆ ತಂದ ಔಷಧ ಕಸ್ಟಮ್ಸಿನಲ್ಲಿ ನಿಲ್ಲುತ್ತದೆ. ನಿಲ್ಲದಿದ್ದರೆ ನನ್ನಂಥವರ ಸ್ಟೋರಿಗೆ ಬಂದು, ಲೇಬಲ್ ಯಾರಿಗೂ ಅರ್ಥವಾಗದ ಭಾಷೆಯಲ್ಲಿದ್ದು, ಕೊನೆಗೆ ಸುಡುವ ಖರ್ಚು ಆಸ್ಪತ್ರೆಯದೇ ಆಗುತ್ತದೆ.

ಉಳಿದಿರುವ ವಾರಗಳಲ್ಲಿ ಭಾಷೆ ಕಲಿಯಿರಿ. ನೂರು ಪದ ಸಾಕು, ಆದರೆ ಸರಿಯಾದ ನೂರು. ನೋವು, ಎಲ್ಲಿ, ಎಷ್ಟು ದಿನದಿಂದ, ಹಾಲು ಕುಡಿಯಿತೇ, ಮೂತ್ರ ಮಾಡಿತೇ, ಹೆದರಬೇಡ, ಅಮ್ಮ ಇಲ್ಲೇ ಇದ್ದಾರೆ.

ಹಂತ 8: ಮೊದಲ ನಾಲ್ಕು ವಾರ ಕೈ ಕಟ್ಟಿ ನೋಡಿ

ಈ ಹಂತ ಕಷ್ಟ. ಏನೂ ಬದಲಿಸಬಾರದು.

ನಾನು ಎರಡನೇ ವಾರವೇ ಸ್ಟೋರನ್ನು "ಸರಿ" ಮಾಡಿದೆ. ಔಷಧಗಳೆಲ್ಲ ಕಪಾಟಿನಲ್ಲಿ ಅಡ್ಡಾದಿಡ್ಡಿ ಇದ್ದ ಹಾಗೆ ಕಂಡಿತು. ಪುಸ್ತಕದಲ್ಲಿದ್ದಂತೆ ಗುಂಪು ಗುಂಪಾಗಿ ಜೋಡಿಸಿದೆ. ಅಂದು ರಾತ್ರಿ ಫಿಟ್ಸ್ ಬಂದ ಮಗುವಿಗೆ ಡಯಾಜೆಪಾಮ್ ಬೇಕಾಯಿತು. ನರ್ಸ್ ಕತ್ತಲಲ್ಲೂ ಕೈಯಿಟ್ಟು ತೆಗೆಯುತ್ತಿದ್ದ ಜಾಗದಲ್ಲಿ ಅದು ಇರಲಿಲ್ಲ. ಕರೆಂಟ್ ಹೋಗುವ ಊರಿನಲ್ಲಿ, ತುರ್ತಿನ ಔಷಧ ಬಾಗಿಲಿನ ಎಡಕ್ಕೆ ಎದೆಯ ಎತ್ತರದಲ್ಲಿ ಇರಬೇಕು ಅಂತ ಅವರು ಯೋಚಿಸಿಯೇ ಇಟ್ಟಿದ್ದರು. ನರ್ಸ್ ಹುಡುಕಿ ಕೊಟ್ಟರು, ಮಗು ಉಳಿಯಿತು. ಬೆಳಿಗ್ಗೆ ನಾನು ಎಲ್ಲವನ್ನೂ ಹಿಂದಿದ್ದಂತೆಯೇ ಇಟ್ಟೆ. ಯಾರೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ನಮ್ಮ ಕಡೆ ಹೀಗೆ ಮಾಡ್ತೀವಿ" ಅನ್ನುವುದು ಯಾಕೆ ಅಪಾಯ ಅನ್ನುವುದಕ್ಕೆ ಇನ್ನೂ ದೊಡ್ಡ ಸಾಕ್ಷಿ ಇದೆ. ತೀವ್ರ ಜ್ವರದಿಂದ ರಕ್ತಸಂಚಾರ ಕುಸಿದ ಮಗುವಿಗೆ ಬೇಗ ಬೇಗ ಡ್ರಿಪ್ ಹಾಕುವುದು ದೊಡ್ಡ ಆಸ್ಪತ್ರೆಗಳಲ್ಲಿ ರೂಢಿಯಾಗಿತ್ತು. ಉಗಾಂಡಾ, ಕೀನ್ಯಾ, ಟಾಂಜಾನಿಯಾಗಳಲ್ಲಿ 3,141 ಮಕ್ಕಳ ಮೇಲೆ ನಡೆದ ಫೀಸ್ಟ್ ಅಧ್ಯಯನ 2011ರಲ್ಲಿ ಹೊರಬಂತು. ಹಾಗೆ ಡ್ರಿಪ್ ಪಡೆದವರಲ್ಲಿ 48 ಗಂಟೆಯೊಳಗೆ ಸತ್ತವರು ಶೇ. 10.6ರಷ್ಟು, ಪಡೆಯದವರಲ್ಲಿ ಶೇ. 7.3. ವೆಂಟಿಲೇಟರ್ ಇಲ್ಲದ, ರಕ್ತಹೀನತೆ, ಮಲೇರಿಯಾ ತುಂಬಿದ ವಾರ್ಡಿನಲ್ಲಿ ಅದೇ ಚಿಕಿತ್ಸೆ ಮಗುವಿಗೆ ಮುಳುವಾಗಿತ್ತು. ತೀವ್ರ ಅಪೌಷ್ಟಿಕತೆಯ ಮಗುವಿನ ಕಥೆಯೂ ಹೀಗೇ. ಹಸಿದಿದೆ ಅಂತ ಹೊಟ್ಟೆ ತುಂಬಾ ಕೊಡುವಂತಿಲ್ಲ. ಮೊದಲು 100 ಮಿಲೀಗೆ 75 ಕ್ಯಾಲೊರಿಯ ಎಫ್-75 ಹಾಲು, ಸ್ವಲ್ಪ ಸ್ವಲ್ಪವೇ, ರಾತ್ರಿಯೂ ಬಿಡದೆ. ಮಗು ಸ್ಥಿರವಾದ ಮೇಲೆ 100 ಕ್ಯಾಲೊರಿಯ ಎಫ್-100. ಕರುಣೆಯಿಂದ ಕೈ ಉದ್ದ ಮಾಡಿದರೆ ಆ ಪುಟ್ಟ ಹೃದಯ ತಡೆಯದು.

ಹಾಗಾಗಿ ಮೊದಲ ತಿಂಗಳು ಆಸ್ಪತ್ರೆಯ ಲಿಖಿತ ಚಿಕಿತ್ಸಾ ಕ್ರಮ ಓದಿ. ಜೊತೆಗೆ ಸಣ್ಣ ಆಸ್ಪತ್ರೆಗಳಿಗೆಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಎರಡನೇ ಆವೃತ್ತಿ ತಂದ ಮಕ್ಕಳ ಚಿಕಿತ್ಸೆಯ ಕೈಪಿಡಿ ಓದಿ. ನಿಮ್ಮ ನೋಟ್‌ಬುಕ್ಕಿನಲ್ಲಿ "ಇದು ಯಾಕೆ ಹೀಗೆ?" ಅಂತ ಪಟ್ಟಿ ಮಾಡಿ. ತಿಂಗಳ ಕೊನೆಗೆ ಅದರಲ್ಲಿ ಮುಕ್ಕಾಲು ಪಾಲಿಗೆ ಉತ್ತರ ತಾನಾಗಿಯೇ ಸಿಕ್ಕಿರುತ್ತದೆ. ಉಳಿದ ಕಾಲು ಪಾಲೇ ನಿಮ್ಮ ವರ್ಷದ ಕೆಲಸ.

ಮೊದಲ ದಿನದಿಂದಲೇ ಬಿಡಬಾರದ ಅಭ್ಯಾಸಗಳು ಕೆಲವಿವೆ.

ಕೈ ತೊಳೆಯುವುದು: ಹ್ಯಾಂಡ್‌ರಬ್ ಆದರೆ 20ರಿಂದ 30 ಸೆಕೆಂಡ್, ಸೋಪು ನೀರಾದರೆ 40ರಿಂದ 60. ಒಂದು ಮಗುವಿನಿಂದ ಇನ್ನೊಂದು ಮಗುವಿಗೆ ಹೋಗುವಾಗ ಪ್ರತಿ ಸಲ.

ಉಸಿರು ಎಣಿಸುವುದು: ಪೂರ್ತಿ ಒಂದು ನಿಮಿಷ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಬೇಡಿ, ಮಕ್ಕಳ ಉಸಿರು ಒಂದೇ ಲಯದಲ್ಲಿ ಇರುವುದಿಲ್ಲ. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40, ಇದನ್ನು ಮುಟ್ಟಿದರೆ ವೇಗದ ಉಸಿರು. ತಕ್ಷಣ ಹೇಳಿ.

ಡೋಸು: ಪ್ರತಿ ಸಲ ಇವತ್ತಿನ ತೂಕ ನೋಡಿ, ಕಿಲೋ ಲೆಕ್ಕದಲ್ಲಿ. ಅರ್ಧ ಅಂತ ಬರೆಯುವಾಗ 0.5 ಅಂತ ಬರೆಯಿರಿ. ಮುಂದಿನ ಸೊನ್ನೆ ಬಿಟ್ಟರೆ ಚುಕ್ಕೆ ಕಾಣದೆ 5 ಆಗುತ್ತದೆ. ಐದು ಅಂತ ಬರೆಯುವಾಗ 5 ಅಷ್ಟೇ. 5.0 ಬರೆದರೆ ಅದು 50 ಆಗಿ ಕಾಣುತ್ತದೆ. ಮಕ್ಕಳಲ್ಲಿ ಹತ್ತು ಪಟ್ಟು ತಪ್ಪು ಆಗುವುದು ಈ ಒಂದು ಚುಕ್ಕೆಯಿಂದ.

ಸೂಜಿ: ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬೇಡಿ. ಚುಚ್ಚಿಬಿಟ್ಟರೆ ಸೋಪು ನೀರಿನಲ್ಲಿ ತೊಳೆಯಿರಿ, ಹಿಂಡಬೇಡಿ, ನಾಚಿಕೆಪಡದೆ ಆಗಲೇ ಹೇಳಿ. ಎಚ್‌ಐವಿ ತಡೆಯುವ ಮಾತ್ರೆಯನ್ನು ಆದಷ್ಟು ಬೇಗ, ಹೆಚ್ಚೆಂದರೆ 72 ಗಂಟೆಯೊಳಗೆ ಶುರು ಮಾಡಿ 28 ದಿನ ತೆಗೆದುಕೊಳ್ಳಬೇಕು. ಆ ಮಾತ್ರೆ ಆಸ್ಪತ್ರೆಯಲ್ಲಿ ಎಲ್ಲಿದೆ, ಬೀಗದ ಕೈ ರಾತ್ರಿ ಯಾರ ಹತ್ತಿರ ಇರುತ್ತದೆ ಅಂತ ಮೊದಲ ದಿನವೇ ಕೇಳಿಟ್ಟುಕೊಳ್ಳಿ.

ಹಂತ 9: ಮಕ್ಕಳ ರಕ್ಷಣೆಯ ಗೆರೆಗಳು

ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬೇಡಿ. ಆಸ್ಪತ್ರೆಯ ಹೊರಗೆ ಕರೆದುಕೊಂಡು ಹೋಗಬೇಡಿ. ಒಂದು ಮಗುವಿಗೆ ಮಾತ್ರ ಉಡುಗೊರೆ, ಒಂದು ಮನೆಯವರಿಗೆ ಮಾತ್ರ ದುಡ್ಡು ಬೇಡ. ಪಕ್ಕದ ಹಾಸಿಗೆಯ ಅಮ್ಮ ನೋಡುತ್ತಿರುತ್ತಾರೆ. ಕೊಡಲೇಬೇಕು ಅನ್ನಿಸಿದರೆ ಆಸ್ಪತ್ರೆಯ ಸಮಾಜ ಕಾರ್ಯಕರ್ತರ ಕೈಗೆ ಕೊಡಿ.

ಫೋಟೊ ವಿಷಯದಲ್ಲೇ ಬಹಳ ಜನ ಎಡವುತ್ತಾರೆ. ಅಮ್ಮ ತಲೆಯಾಡಿಸಿದರು ಅಂದರೆ ಒಪ್ಪಿಗೆ ಅಲ್ಲ. ಉಚಿತವಾಗಿ ಚಿಕಿತ್ಸೆ ಪಡೆಯುತ್ತಿರುವವರು ಬಿಳಿ ಕೋಟು ಹಾಕಿದವರಿಗೆ ಬೇಡ ಅನ್ನುವುದು ಕಷ್ಟ. ನನ್ನ ಸಲಹೆ ಇಷ್ಟೇ: ವಾರ್ಡಿನೊಳಗೆ ಫೋನ್ ಜೇಬಿನಿಂದ ತೆಗೆಯಬೇಡಿ. ಆಸ್ಪತ್ರೆಗೆ ಚಿತ್ರ ಬೇಕಾದರೆ ಅದಕ್ಕೆ ಅವರದೇ ಫಾರಂ, ಅವರದೇ ಜನ ಇರುತ್ತಾರೆ.

ಯಾರಾದರೂ ಮಗುವಿನ ಜೊತೆ ತಪ್ಪಾಗಿ ನಡೆದುಕೊಳ್ಳುತ್ತಿದ್ದಾರೆ ಅಂತ ಅನುಮಾನ ಬಂದರೆ ನೀವೇ ತನಿಖೆಗೆ ಇಳಿಯಬೇಡಿ. ನೋಡಿದ್ದನ್ನು, ಕೇಳಿದ್ದನ್ನು ದಿನಾಂಕ ಸಮೇತ ಬರೆದು, ಮಕ್ಕಳ ರಕ್ಷಣೆಯ ಹೊಣೆ ಹೊತ್ತವರಿಗೆ ಅಂದೇ ತಲುಪಿಸಿ.

ಹಂತ 10: ನಾಲ್ಕನೇ ತಿಂಗಳಿಂದ ಎಂಟನೆಯದರವರೆಗೆ

ಹೊಸತನ ಹೋಗಿರುತ್ತದೆ, ಮನೆ ಇನ್ನೂ ದೂರ. ಅಷ್ಟರಲ್ಲಿ ಹೆಸರು ಗೊತ್ತಿದ್ದ ಒಂದು ಮಗುವಾದರೂ ತೀರಿಕೊಂಡಿರುತ್ತದೆ. ಬೇರೆ ಕಡೆ ಇದ್ದಿದ್ದರೆ ಬದುಕುತ್ತಿತ್ತು ಅಂತ ಗೊತ್ತಿದ್ದೂ.

ಗುರುತುಗಳು ಇವು: ರಜೆಯ ದಿನವೂ ವಾರ್ಡಿಗೆ ಹೋಗುತ್ತೀರಿ. ನಿದ್ದೆ ಬರುವುದಿಲ್ಲ. ಅಲ್ಲಿನ ಸಿಬ್ಬಂದಿಯ ಮೇಲೆ "ಇವರಿಗೆ ಮನಸ್ಸೇ ಇಲ್ಲ" ಅಂತ ಸಿಟ್ಟು ಬರುತ್ತದೆ. ಮೂರನೆಯದು ಬಂತೆಂದರೆ ತಕ್ಷಣ ರಜೆ ಹಾಕಿ. ಅವರು ಇದನ್ನು ಹತ್ತು ವರ್ಷದಿಂದ ನೋಡುತ್ತಿದ್ದಾರೆ, ನೀವು ಹೋದ ಮೇಲೂ ನೋಡುತ್ತಾರೆ. ಅಳದೆ ಮುಂದಿನ ಹಾಸಿಗೆಗೆ ಹೋಗುವುದು ಅವರು ಕಲಿತುಕೊಂಡ ದಾರಿ.

ವಾರಕ್ಕೊಮ್ಮೆ ಆಸ್ಪತ್ರೆಗೆ ಸಂಬಂಧವೇ ಇಲ್ಲದ ಒಬ್ಬರ ಜೊತೆ ಮಾತಾಡುವ ಹೊತ್ತು ಗೊತ್ತು ಮಾಡಿಕೊಳ್ಳಿ. ಹೊರಡುವ ಮುಂಚೆಯೇ ಆ ಒಬ್ಬರನ್ನು ಹುಡುಕಿಟ್ಟುಕೊಂಡರೆ ಒಳ್ಳೆಯದು.

ಹಂತ 11: ಒಂಬತ್ತನೇ ತಿಂಗಳಿಗೇ ಹೊರಡಲು ಶುರು ಮಾಡಿ

ನಾನು ದಾಸ್ತಾನು ಲೆಕ್ಕಕ್ಕೆ ಕಂಪ್ಯೂಟರಿನಲ್ಲಿ ಚೆಂದದ ಪಟ್ಟಿಯೊಂದು ಮಾಡಿದ್ದೆ. ಅವಧಿ ಮುಗಿಯಲು ಬಂದ ಔಷಧ ತಾನಾಗಿ ಕೆಂಪಾಗುತ್ತಿತ್ತು. ನಾನು ಊರಿಗೆ ವಾಪಸ್ ಬಂದ ಆರನೇ ವಾರಕ್ಕೆ ಅದು ನಿಂತುಹೋಯಿತು ಅಂತ ತಿಳಿಯಿತು. ಸೂತ್ರ ಕೆಟ್ಟಾಗ ಸರಿಮಾಡುವುದು ನನಗೊಬ್ಬನಿಗೇ ಗೊತ್ತಿತ್ತು. ಅವಧಿ ಬೇಗ ಮುಗಿಯುವ ಡಬ್ಬಕ್ಕೆ ಕೆಂಪು ಟೇಪ್ ಅಂಟಿಸಿ ಮುಂದೆ ಇಡುವ ಪದ್ಧತಿಯನ್ನು ಅಲ್ಲಿನ ಸ್ಟೋರ್ ಕೀಪರೇ ಹುಡುಕಿದ್ದರು. ಅದು ಇವತ್ತಿಗೂ ನಡೆಯುತ್ತಿದೆ.

ಒಂಬತ್ತನೇ ತಿಂಗಳಿಗೆ ನಿಮ್ಮ ಕೆಲಸವನ್ನು ಅಲ್ಲಿನವರೊಬ್ಬರು ಮಾಡಲಿ, ನೀವು ಪಕ್ಕದಲ್ಲಿ ನಿಲ್ಲಿ. ಹತ್ತನೇ ತಿಂಗಳು ಎರಡು ವಾರ ಬೇರೆ ಊರಿಗೆ ಹೋಗಿ, ಫೋನ್ ಎತ್ತಬೇಡಿ. ವಾಪಸ್ ಬಂದಾಗ ಏನು ನಿಂತಿದೆಯೋ ಅದಕ್ಕೆ ಉಳಿದ ದಿನ ಕೊಡಿ. ಬರೆದಿಡುವ ಟಿಪ್ಪಣಿ ಅವರ ಭಾಷೆಯಲ್ಲಿ, ಅವರ ಕೈಬರಹದಲ್ಲೇ ಇರಲಿ.

ಮಕ್ಕಳಿಗೆ ಮತ್ತು ದೀರ್ಘ ಚಿಕಿತ್ಸೆಯಲ್ಲಿರುವ ಮನೆಯವರಿಗೆ ಹೊರಡುವ ದಿನ ಮೊದಲೇ ಹೇಳಿ. "ಮತ್ತೆ ಬರ್ತೀನಿ" ಅಂತ ಸುಮ್ನೆ ಹೇಳಬೇಡಿ, ಅವರು ಕಾಯುತ್ತಾರೆ.

ಹಂತ 12: ಬಂದ ಮೇಲೆ

ಎಂಟರಿಂದ ಹತ್ತು ವಾರಕ್ಕೆ ಕ್ಷಯದ ಪರೀಕ್ಷೆ ಮತ್ತೊಮ್ಮೆ ಮಾಡಿಸಿ. ಹೋಗುವ ಮುಂಚಿನ ಫಲಿತಾಂಶದ ಜೊತೆ ಹೋಲಿಸಲು ಹಳೆಯ ಕಾಗದ ಜೋಪಾನವಾಗಿಡಿ. ಆಸ್ಪತ್ರೆಯಿಂದ ಅನುಭವ ಪತ್ರ ಅಲ್ಲಿದ್ದಾಗಲೇ ತಂದಿರಬೇಕು, ಆಮೇಲೆ ತರಿಸುವುದು ತಲೆನೋವು.

ಮಲೇರಿಯಾ ಇರುವ ದೇಶದಿಂದ ಬಂದಿದ್ದರೆ, ಮುಂದಿನ ಒಂದು ವರ್ಷದಲ್ಲಿ ಯಾವಾಗ ಜ್ವರ ಬಂದರೂ ಅದನ್ನು ಮಾಮೂಲಿ ನೆಗಡಿ ಅಂತ ಬಿಡಬೇಡಿ. ಅಂದೇ ಡಾಕ್ಟರ ಹತ್ತಿರ ಹೋಗಿ. ಅವರು ಕೇಳುವವರೆಗೆ ಕಾಯದೆ ಯಾವ ದೇಶದಲ್ಲಿದ್ದಿರಿ, ಯಾವಾಗ ಬಂದಿರಿ ಅಂತ ಮೊದಲ ಮಾತಿನಲ್ಲೇ ಹೇಳಿ, ರಕ್ತ ಪರೀಕ್ಷೆ ಮಾಡಿಸಿ.